ಗೃಹೋದ್ಯಾನ: ಹೂಗಿಡದ ವಂಶವನ್ನುಳಿಸುವ ಬಗೆ

ಅಂಗಳದಲ್ಲಿ ಬೆಳೆಯತಕ್ಕ ಹೂಗಿಡಗಳು ಸ್ಥೂಲವಾಗಿ ಎರಡು ವರ್ಗದವು. ಚೆಂಡುಹೂ, ಕರ್ಣಕುಂಡಲ ಮೊದಲಾದುವು ಒಂದೇ ಋತುವಿನಲ್ಲಿ ಹುಟ್ಟಿ, ಹೂಬಿಟ್ಟು, ಬೀಜವನ್ನುದುರಿಸಿ ಒಣಗಿಹೋಗುವುವು. ಮಲ್ಲಿಗೆ, ದಾಸವಾಳ, ಕಣಗಿಲೆ, ನಂದಿಬಟ್ಟಲು ಮೊದಲಾದುವು ಒಮ್ಮೆ ನೆಲೆಗೊಂಡರೆ ಎಷ್ಟೋ ವರ್ಷಗಳವರೆಗೆ ಮನೆಯವರಿಗೆ ಹೂವನ್ನು ಕೊಡುತ್ತಲೇ ಇರುವುವು. ಮೊದಲನೆಯ ವರ್ಗದವುಗಳಿಗೆ ಆಯುಸ್ಸು ಕಡಮೆಯಾದರೂ ಸಂತಾನದ ಚಿಂತೆಯಿಲ್ಲ. ಎರಡನೆಯ ವರ್ಗದವುಗಳಿಗೆ ಆಯುಸ್ಸು ಹೆಚ್ಚು. ಆದರೆ ಅವುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದ ಹಲವಕ್ಕೆ ಬೀಜವೇ ಕಟ್ಟುವುದಿಲ್ಲವೆಂಬ ಸಂಗತಿಯನ್ನು ಅನೇಕರು ಗಮನಿಸಿರಲಾರರು.

ಹಲವು ಸುತ್ತಿನ ನಂದಿಬಟ್ಟಲನ್ನು ತೆಗೆದುಕೊಳ್ಳಿರಿ. ಹೂವಿನ ಕೇಸರಗಳು ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಅದರಲ್ಲಿ ಕಾಯಿ ಕಟ್ಟುವುದನ್ನು ನಾವು ಕಾಣೆವು. ಏಳುಸುತ್ತಿನ ಮಲ್ಲಿಗೆಯೂ, ಹಲವು ಸುತ್ತಿನ ಸುಗಂಧರಾಜವೂ ಹೀಗೆಯೇ. ಹೂವಾಡಗಿತ್ತಿಯರು ಮೆಚ್ಚಿ ಕಟ್ಟುವ ದೆಹಲಿ ಕನಕಾಂಬರದ ಜೀವಕೋಶಗಳಲ್ಲಿ ವರ್ಣತಂತುಗಳ ಗಣಗಳು ಎರಡಿರುವುದಕ್ಕೆ ಬದಲಾಗಿ ಮೂರಿರುವುದರಿಂದ ಅದೂ ಬಂಜೆ. ನಮ್ಮ ಮನೆಗಳ ಕೆಂಪು ದಾಸವಾಳದಲ್ಲಿ ಕಾಯಿಯನ್ನು ಕಂಡವರು ವಿರಳ. ಹೀಗಿರುವಲ್ಲಿ ಈ ಗಿಡಗಳು ನೂರಾರು ವರ್ಷಗಳಿಂದ ಉಳಿದುಬಂದುದಾದರೂ ಹೇಗೆ? ಒಬ್ಬರು ಒಂದು ಕಡ್ಡಿಯನ್ನು ಮುರಿದು ಇನ್ನೊಬ್ಬರ ಕೈಗೆ ಕೊಟ್ಟುದರಿಂದ. ಬೇರಾವ ಉಪಾಯದಿಂದಲೂ ಅಲ್ಲ. ಯಾವ ತಲೆಮಾರು ಕೊಡುವುದನ್ನು ನಿಲ್ಲಿಸುವುದೋ ಆ ತಲೆಮಾರಿಗೇ ಅವುಗಳ ವಂಶವೂ ನಿಲ್ಲುವುದು.

ಈ ವಿಷಯವನ್ನು ಈ ತಿಂಗಳು ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ರವೀಂದ್ರನಾಥ ಠಾಕೂರರ ಹೆಸರಿನದಾದರೂ ಎಲ್ಲರ ಬಾಯಲ್ಲಿಯೂ ಆರ್.ಟಿ. ನಗರವೇ ಆಗಿರುವ ಬಡಾವಣೆಯಿಂದ ಒಬ್ಬ ಗೃಹಿಣಿಯವರು ನಮಗೆ ಪತ್ರವನ್ನು ಬರೆದಿರುವರು. ಅವರ ಹಳೆಯ ಮನೆಯನ್ನು ದೀಪಾವಳಿಯ ತರುವಾಯ ಕೆಡವಿ ಅಲ್ಲಿ ಮಹಡಿಮನೆಗಳನ್ನು ಕಟ್ಟುವುದೆಂದು ನಿಶ್ಚಯವಾಗಿದೆ. “ಮೇಷ್ಟರೇ, ನಮ್ಮ ಅತ್ತೆಯವರು ಹೋಗಿ ನಾಲ್ಕು ವರ್ಷವಾಯಿತು. ಅವರು ನೆಟ್ಟ ಗಿಡಗಳನ್ನಾದರೂ ಉಳಿಸಿಕೊಳ್ಳಬೇಕೆಂದು ಆಸೆ. ಯಾವುದನ್ನು ಕಿತ್ತು ಒಯ್ಯಬಹುದು, ಯಾವುದನ್ನು ಬಿಡಬೇಕು, ದಯವಿಟ್ಟು ತಿಳಿಸಿ” ಎಂದು ಅವರು ಕೇಳಿರುವರು. ಮಲ್ಲಿಗೆ, ಬಿಳಿಯ ಕಣಗಿಲೆ, ಪನ್ನೀರು ಗುಲಾಬಿ, ಸುಗಂಧರಾಜ, ಸೇವಂತಿಗೆ, ಸ್ಫಟಿಕ, ಬಾಗಿಲ ಬಳಿಯಲ್ಲಿ ಒಂದು ದೊಡ್ಡ ಸಂಪಿಗೆ—ಇಷ್ಟು ಅವರ ಪಟ್ಟಿ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವು 2008ರಲ್ಲಿ ಆರಂಭವಾದಂದಿನಿಂದ ಬಳ್ಳಾರಿ ರಸ್ತೆಯ ಎರಡು ಪಕ್ಕದಲ್ಲಿಯೂ ಇಂತಹ ಪಟ್ಟಿಗಳಿದ್ದ ಮನೆಗಳು ಒಂದೊಂದಾಗಿ ಕಡಮೆಯಾಗುತ್ತಿರುವುದನ್ನು ಯಲಹಂಕ, ಹೆಬ್ಬಾಳದ ಕಡೆಯ ವಾಚಕರೆಲ್ಲರೂ ಬಲ್ಲರು. ಆದುದರಿಂದ ಈ ಉತ್ತರವು ಒಬ್ಬರಿಗೆ ಮಾತ್ರವಲ್ಲ.

ನಮ್ಮ ಮೊದಲನೆಯ ಸಲಹೆ ಇದು: ಯಾವ ಗಿಡವನ್ನೂ ಮೊದಲು ಕೀಳಬೇಡಿರಿ. ಇಪ್ಪತ್ತು ಮೂವತ್ತು ವರ್ಷ ಒಂದೇ ಕಡೆ ಬೇರೂರಿದ ಗಿಡವನ್ನು ಕಿತ್ತಾಗ, ನೀರನ್ನು ಹೀರತಕ್ಕ ಎಳೆಯ ಬೇರುಗಳೆಲ್ಲವೂ ಹಳೆಯ ಮಣ್ಣಿನಲ್ಲಿಯೇ ಉಳಿದುಹೋಗುವುವು; ಕೈಗೆ ಬರುವುದು ಮೋಟುಬೇರುಗಳು ಮಾತ್ರ. ಹಾಗೆ ಕಿತ್ತ ಗಿಡಗಳಲ್ಲಿ ಬದುಕುವುದಕ್ಕಿಂತ ಸಾಯುವುದೇ ಹೆಚ್ಚು. ಮೊದಲು ಮರಿಯನ್ನು ಮಾಡಿಕೊಳ್ಳತಕ್ಕದ್ದು. ಅದು ಬೇರುಬಿಟ್ಟು ಚಿಗುರಿದ ಮೇಲೆ ಬೇಕಾದರೆ ತಾಯಿಗಿಡವನ್ನು ಕಿತ್ತು ನೋಡಬಹುದು. ದೀಪಾವಳಿಗೆ ಇನ್ನೂ ನಾಲ್ಕು ತಿಂಗಳಿರುವುದರಿಂದ ಕಾಲವು ಅನುಕೂಲವಾಗಿಯೇ ಇದೆ.

ಕಡ್ಡಿಯಿಂದ ಬೆಳೆದ ಗಿಡವು ತಾಯಿಗಿಡದ ಮಗುವೆನ್ನುವುದಕ್ಕಿಂತ ತಾಯಿಗಿಡವೇ ಎನ್ನುವುದು ಸರಿ. ಬೀಜದಲ್ಲಿ ಎರಡು ಗಿಡಗಳ ಗುಣಗಳು ಬೆರೆತು ಮೂರನೆಯದೊಂದು ಹುಟ್ಟುವುದು, ಕಡ್ಡಿಯಲ್ಲಿ ಬೆರಕೆಯಿಲ್ಲ. ಅದೇ ಬಣ್ಣ, ಅದೇ ಕಂಪು, ಅದೇ ಸುತ್ತು. ಮಗನು ತಂದೆಯ ಆತ್ಮವೇ ಎಂಬ ಮಾತು ಮನುಷ್ಯರಲ್ಲಿ ಔಪಚಾರಿಕವಾದರೂ ಗಿಡಗಳಲ್ಲಿ ಅಕ್ಷರಶಃ ನಿಜ. ಆದಕಾರಣ ಅತ್ತೆಯವರು ನೆಟ್ಟ ಮಲ್ಲಿಗೆಯ ಒಂದು ಗೇಣು ಕಡ್ಡಿಯು ಬೇರೂರಿದರೆ, ಅವರ ಮಲ್ಲಿಗೆಯೇ ಉಳಿಯಿತೆಂದು ಧಾರಾಳವಾಗಿ ಹೇಳಬಹುದು.

ಆದರೆ ಎಲ್ಲ ಗಿಡಗಳೂ ಒಂದೇ ಅಂಗದಿಂದ ಬೆಳೆಯಲಾರವು. ಇದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. 12ನೆಯ ಶತಮಾನದ ಹೇಮಚಂದ್ರಾಚಾರ್ಯನು ಅಭಿಧಾನಚಿಂತಾಮಣಿಯೆಂಬ ತನ್ನ ನಿಘಂಟಿನಲ್ಲಿ ಸಸ್ಯಗಳನ್ನು ಅವು ಹುಟ್ಟುವ ಬಗೆಯಿಂದಲೇ ವಿಂಗಡಿಸಿರುವನು. ಕುರಂಟ ಮೊದಲಾದುವು ಅಗ್ರಬೀಜಗಳು, ಎಂದರೆ ಕೊಂಬೆಯ ತುದಿಯಿಂದ ಬರುವುವು; ಕಬ್ಬು ಮೊದಲಾದುವು ಪರ್ವಯೋನಿಗಳು, ಗೆಣ್ಣಿನಿಂದ ಬರುವುವು; ಕೆಲವು ಸ್ಕಂಧಜಗಳು, ಬಲಿತ ಕಾಂಡದಿಂದ ಬರುವುವು; ನೈದಿಲೆ ಮೊದಲಾದುವು ಮೂಲಜಗಳು, ಬುಡದಿಂದ ಬರುವುವು; ಬತ್ತ ಮೊದಲಾದುವು ಬೀಜರುಹಗಳು. ಅವನಿಗಿಂತ ಆರು ಶತಮಾನಗಳಷ್ಟು ಹಿಂದಿನ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ ದಾಳಿಂಬೆ, ದ್ರಾಕ್ಷಿ, ಅಶೋಕ, ಅತಿಮುಕ್ತಕ ಮೊದಲಾದುವನ್ನು ಕಾಂಡವನ್ನು ನೆಟ್ಟು ಬೆಳೆಸಬಹುದೆಂದು ಹೇಳಿ, ಅದಕ್ಕೆ ಸಗಣಿಯನ್ನು ಲೇಪಿಸಬೇಕೆಂದಿರುವನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೊಯ್ದ ಬಾಯಿಗೆ ಜೇನು, ತುಪ್ಪ ಮೊದಲಾದುವನ್ನು ಸಗಣಿಯೊಡನೆ ಬೆರೆಸಿ ಬಳಿಯುವ ಕ್ರಮವಿದೆ. ಕನ್ನಡದಲ್ಲಿಯೂ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ಲೋಕೋಪಕಾರವು ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಹೇಮಚಂದ್ರನ ವಿಂಗಡಣೆಯು ಇಂದಿನ ಗೃಹಸ್ಥನಿಗೂ ಉಪಯುಕ್ತವಾದುದರಿಂದ ನಾವು ಅದೇ ಕ್ರಮವನ್ನು ಅನುಸರಿಸುವೆವು.

ಕಡ್ಡಿಯು ಬೇರು ಬಿಡುವ ಮರ್ಮ

ಅದಕ್ಕೆ ಮೊದಲು ಕಡ್ಡಿಯೊಳಗೆ ನಡೆಯುವುದೇನೆಂಬುದನ್ನು ತಿಳಿಯಬೇಕು. ಚಿಗುರಿನಲ್ಲಿಯೂ ಎಳೆಯ ಎಲೆಗಳಲ್ಲಿಯೂ ಆಕ್ಸಿನ್ ಎಂಬ ರಸವೊಂದು ಹುಟ್ಟಿ ಬುಡದ ಕಡೆಗೆ ಇಳಿಯುತ್ತಿರುವುದು. ಕೊಂಬೆಯನ್ನು ಕತ್ತರಿಸಿದಾಗ ಅದು ಮುಂದೆ ಹೋಗಲಾರದೆ ಕೊಯ್ದ ಬಾಯಿಯಲ್ಲಿ ಸೇರಿಕೊಂಡು, ಅಲ್ಲಿನ ಕೋಶಗಳನ್ನು ಬೇರಾಗುವಂತೆ ಪ್ರೇರಿಸುವುದು. ಈ ರಸದ ಇಳಿತಕ್ಕೆ ತಲೆ ಬುಡಗಳ ಭೇದವಿರುವುದರಿಂದ ತಲೆಕೆಳಗಾಗಿ ನೆಟ್ಟ ಕಡ್ಡಿಯು ಸಾಮಾನ್ಯವಾಗಿ ಏಳಲಾರದು. ನರ್ಸರಿಯವರು ಮಾರುವ ಬೇರು ಬರಿಸುವ ಪುಡಿಯಲ್ಲಿರುವುದೂ ಇಂಡೋಲ್ ಬ್ಯುಟರಿಕ್ ಆಮ್ಲವೆಂಬ ಇದೇ ಜಾತಿಯ ದ್ರವ್ಯವೇ. ಸುಲಭವಾಗಿ ಬರುವ ಗಿಡಗಳಿಗೆ ಅದರ ಅವಶ್ಯಕತೆಯಿಲ್ಲ.

ಇನ್ನೊಂದು ಸಂಗತಿ: ಕಡ್ಡಿಗೆ ಕುಡಿಯಲು ಬೇರಿಲ್ಲ, ಆದರೆ ಎಲೆಗಳ ಮೂಲಕ ನೀರು ಹೊರಗೆ ಹೋಗುತ್ತಲೇ ಇರುವುದು. ವರಮಾನವಿಲ್ಲದೆ ಖರ್ಚು ಮಾತ್ರ ನಡೆಯುವ ಸಂಸಾರದ ಸ್ಥಿತಿ ಅದರದು. ಖರ್ಚನ್ನು ಕಡಮೆಮಾಡಿ, ವರಮಾನ ಬರುವವರೆಗೆ ಅದನ್ನು ಬದುಕಿಸುವುದೇ ನಮ್ಮ ಕೆಲಸದ ಸಾರ. ನೆರಳು, ತೇವದ ಗಾಳಿ, ಕಡಮೆ ಎಲೆ—ಇವು ಮೂರೂ ಅದಕ್ಕಾಗಿಯೇ. ಮೃಗಶಿರಾ, ಆರಿದ್ರಾ, ಪುನರ್ವಸು ಮಳೆಗಳ ಕಾಲವು, ಎಂದರೆ ಜೂನ್ ಎರಡನೆಯ ವಾರದಿಂದ ಜುಲೈ ಮೂರನೆಯ ವಾರದವರೆಗೆ, ಈ ಮೂರರಲ್ಲಿ ಎರಡನ್ನು ನಮಗೆ ತಾನಾಗಿಯೇ ಒದಗಿಸಿಕೊಡುವುದು. ಬೆಂಗಳೂರಿನಲ್ಲಿ ಮಳೆಯು ಸೆಪ್ಟೆಂಬರಿನಲ್ಲಿ ಇನ್ನಷ್ಟು ಹೆಚ್ಚುವುದರಿಂದ, ಮೊದಲ ಸಲ ಒಣಗಿದುದಕ್ಕೆ ಬದಲಾಗಿ ಆಗ ಮತ್ತೊಮ್ಮೆ ನೆಡುವ ಅವಕಾಶವೂ ಉಂಟು.

ಸಿದ್ಧಪಡಿಸುವ ಕ್ರಮ

ಕಡ್ಡಿಯನ್ನು ಬೆಳಗಿನ ಹೊತ್ತು, ರೋಗವಿಲ್ಲದ ಗಿಡದಿಂದ, ಹರಿತವಾದ ಚೂರಿಯಿಂದ ತೆಗೆಯತಕ್ಕದ್ದು. ಚೂರಿಯನ್ನು ಮೊದಲು ಬಿಸಿನೀರಿನಲ್ಲಿ ತೊಳೆದಿರಬೇಕು. ತೀರ ಎಳೆಯದು ಕೊಳೆಯುವುದು, ತೀರ ಬಲಿತುದು ಏಳಲು ತಡಮಾಡುವುದು. ಪೆನ್ಸಿಲಿನ ಗಾತ್ರದ, ಹಸಿರು ಹೋಗಿ ಕಂದುಬಣ್ಣಕ್ಕೆ ತಿರುಗುತ್ತಿರುವ ಕೊಂಬೆಯು ಬಹುತೇಕ ಗಿಡಗಳಿಗೆ ಉತ್ತಮ. ಆರರಿಂದ ಎಂಟು ಅಂಗುಲ ಉದ್ದ, ಮೂರು ನಾಲ್ಕು ಗೆಣ್ಣುಗಳು ಇರಲಿ. ಕೆಳಗಿನ ಕೊಯ್ತವು ಗೆಣ್ಣಿನ ಕೆಳಗೇ ಓರೆಯಾಗಿಯೂ, ಮೇಲಿನ ಕೊಯ್ತವು ಗೆಣ್ಣಿನಿಂದ ಅರ್ಧ ಅಂಗುಲ ಮೇಲೆ ನೇರವಾಗಿಯೂ ಇರಬೇಕು. ಹೀಗೆ ಮಾಡಿದರೆ ಹತ್ತು ಕಡ್ಡಿಗಳ ಕಟ್ಟಿನಲ್ಲಿಯೂ ತಲೆ ಯಾವುದು, ಬುಡ ಯಾವುದು ಎಂಬ ಸಂದೇಹ ಬಾರದು. ಕೆಳಗಿನ ಎಲೆಗಳನ್ನೆಲ್ಲ ತೆಗೆದು, ತುದಿಯ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಉಳಿಸಿಕೊಳ್ಳಬೇಕು. ಮೊಗ್ಗಿದ್ದರೆ ಚಿವುಟಿಹಾಕಬೇಕು.

ನೆಡುವ ಮಣ್ಣಿನಲ್ಲಿ ಗೊಬ್ಬರವಿರಕೂಡದು. ಬೇರಿಲ್ಲದ ಕಡ್ಡಿಗೆ ಗೊಬ್ಬರವು ಆಹಾರವಾಗದೆ ಕೊಳೆತಕ್ಕೆ ಕಾರಣವಾಗುವುದು. ಹಳೆಯ ಗ್ರಂಥಗಳು ಹೇಳಿದ ಸಗಣಿಯ ಲೇಪವು ಕೊಯ್ದ ಗಾಯವು ಒಣಗದಂತೆ ಮಾಡುವ ಉಪಾಯವೆಂದು ನಾವು ತಿಳಿಯುತ್ತೇವೆ; ಕುಂಡದ ತುಂಬ ಹಸಿ ಸಗಣಿಯನ್ನು ತುಂಬಲು ಅದು ಅಪ್ಪಣೆಯಲ್ಲ. ಎರಡು ಪಾಲು ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ ಸಾಕು. ಈಗ ನಮ್ಮ ಊರಿನಲ್ಲಿ ಸಿಕ್ಕುವುದು ಕಲ್ಲನ್ನು ಅರೆದು ಮಾಡಿದ ಎಂ-ಸ್ಯಾಂಡ್. ಅದರಲ್ಲಿರುವ ನುಣುಪು ಧೂಳು ನೀರು ಬಿದ್ದೊಡನೆ ಗಟ್ಟಿಕಟ್ಟುವುದರಿಂದ, ಬಕೆಟ್ಟಿನಲ್ಲಿ ಹಾಕಿ ನಾಲ್ಕೈದು ಸಲ ತೊಳೆದು, ನೀರು ತಿಳಿಯಾದ ಮೇಲೆ ಉಪಯೋಗಿಸಬೇಕು. ಎರಡು ಗೆಣ್ಣು ಹುದುಗುವಂತೆ ಕಡ್ಡಿಯನ್ನಿಟ್ಟು, ಬೆರಳಿನಿಂದ ಸುತ್ತಲೂ ಅದುಮಿ, ಒಮ್ಮೆ ಚೆನ್ನಾಗಿ ನೀರು ಹಾಕಿ, ಬುಡ ಕೊಯ್ದ ಪ್ಲಾಸ್ಟಿಕ್ ಸೀಸೆಯನ್ನು ಮೇಲೆ ಬೋರಲಾಗಿ ಮುಚ್ಚಿ ನೆರಳಿನಲ್ಲಿಡಬೇಕು. ಬಿಸಿಲಿಗಿಟ್ಟರೆ ಸೀಸೆಯೊಳಗೆ ಕಡ್ಡಿಯು ಬೆಂದುಹೋಗುವುದು.

ಆಮೇಲೆ ಮಾಡತಕ್ಕ ಕೆಲಸವೆಂದರೆ ಸುಮ್ಮನಿರುವುದು. ಬೇರು ಬಂದಿತೇ ಎಂದು ದಿನವೂ ಎಳೆದುನೋಡುವ ಮಕ್ಕಳಿಂದಲೂ ದೊಡ್ಡವರಿಂದಲೂ ಸಾಯುವ ಕಡ್ಡಿಗಳು ರೋಗದಿಂದ ಸಾಯುವುದಕ್ಕಿಂತ ಹೆಚ್ಚೆಂದು ನಮ್ಮ ಅಭಿಪ್ರಾಯ. ಚಿಗುರೊಡೆದುದನ್ನು ಕಂಡೊಡನೆ ಗೆದ್ದೆವೆಂದು ಭಾವಿಸಬಾರದು. ಕಡ್ಡಿಯಲ್ಲಿ ಕೂಡಿಟ್ಟ ಆಹಾರದಿಂದಲೇ ಎರಡು ಎಲೆ ಬರಬಹುದು. ಕುಂಡದ ತಳದ ರಂಧ್ರದಲ್ಲಿ ಬಿಳಿಯ ಬೇರು ಇಣಿಕಿದಾಗ ಮಾತ್ರ ಅದು ನಿಜವಾಗಿ ಗಿಡವಾಯಿತು. ಆಗ ಸೀಸೆಯನ್ನು ದಿನಕ್ಕೆ ಕೆಲವು ಗಂಟೆ ತೆಗೆದಿಟ್ಟು, ಎರಡು ವಾರಗಳಲ್ಲಿ ಹೊರಗಿನ ಗಾಳಿಗೆ ಒಗ್ಗಿಸಿ, ಕೆಮ್ಮಣ್ಣು ಮತ್ತು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದ ದೊಡ್ಡ ಕುಂಡಕ್ಕೆ ಬದಲಾಯಿಸಬೇಕು.

ಇಲ್ಲಿ ಒಂದು ಲೋಕರೂಢಿಯ ವಿಷಯ ಹೇಳಬಹುದು. ಕೇಳಿ ತಂದ ಕಡ್ಡಿಗಿಂತ ಕದ್ದು ತಂದ ಕಡ್ಡಿಯೇ ಚೆನ್ನಾಗಿ ಚಿಗುರುವುದೆಂದು ಹೆಂಗಸರೂ ಗಂಡಸರೂ ನಂಬಿರುವರು. ಅದರಲ್ಲಿ ಅಣುಮಾತ್ರ ಸತ್ಯವುಂಟು. ಕದಿಯುವವನು ಭಯದಿಂದ ಚಿಕ್ಕದನ್ನು ಮುರಿದು, ಸೆರಗಿನಲ್ಲೋ ಕೈಚೀಲದಲ್ಲೋ ಮುಚ್ಚಿ ತಂದು, ಮನೆಗೆ ಬಂದೊಡನೆ ನೆಟ್ಟುಬಿಡುವನು. ಕೇಳಿ ತಂದವನು ಮಾರುದ್ದದ ಕೊಂಬೆಯನ್ನು ಬಿಸಿಲಿನಲ್ಲಿ ಬೀಸಿಕೊಂಡು ಬಂದು, ಜಗಲಿಯ ಮೇಲಿಟ್ಟು, ಕಾಫಿ ಕುಡಿದು, ಮರುದಿನ ನೆಡುವನು. ಚಿಕ್ಕದಾಗಿ ಕೇಳಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಂದೇ ನೆಟ್ಟರೆ ಕಳ್ಳತನದ ಫಲವು ಪಾಪವಿಲ್ಲದೆಯೇ ದೊರೆಯುವುದು.

ಅಗ್ರಬೀಜಗಳು

ಹೇಮಚಂದ್ರನು ಅಗ್ರಬೀಜಗಳಿಗೆ ಉದಾಹರಣೆಯಾಗಿ ಕೊಟ್ಟ ಕುರಂಟವೇ ಹಳಗನ್ನಡದ ಗೋರಂಟೆ, ಇಂದು ಹೂವಾಡಗಿತ್ತಿಯರು ಸ್ಫಟಿಕವೆಂದು ಕರೆಯುವ ಹೂ. ಕೈಗೆ ಹಚ್ಚುವ ಗೋರಂಟಿಯೊಡನೆ ಇದನ್ನು ಬೆರೆಸಬಾರದು. ಇದರ ನಾಲ್ಕಂಗುಲದ ಎಳೆಯ ತುದಿಗಳು ಮಳೆಗಾಲದಲ್ಲಿ ಮೂರು ನಾಲ್ಕು ವಾರಗಳಲ್ಲಿ ಬೇರುಬಿಡುವುವು. ದೆಹಲಿ ಕನಕಾಂಬರಕ್ಕೂ ಇದೇ ಮಾರ್ಗ. ಬೀಜ ಕಟ್ಟುವ ಬೇರೆ ಕನಕಾಂಬರಗಳ ಒಣಗಿದ ತೆನೆಗೆ ನೀರು ತಾಗಿದರೆ ಕಾಯಿಯು ಸಿಡಿದು ಬೀಜವು ದೂರಕ್ಕೆ ಹಾರುವುದು; ಮಕ್ಕಳಿಗೆ ತೋರಿಸಲು ಒಳ್ಳೆಯ ನೋಟ. ಕನಕಾಂಬರಕ್ಕೆ ಬೇರುಗಂಟಿನ ಹುಳುವೂ ಸೊರಗುರೋಗವೂ ಬರುವುದುಂಟು. ಬಾಡಿದ ಗಿಡದಿಂದ ಕಡ್ಡಿ ತೆಗೆಯದೆ, ಹಳೆಯ ಮಣ್ಣನ್ನೂ ಜೊತೆಗೆ ಒಯ್ಯದೆ ಇರುವುದು ಕ್ಷೇಮ.

ಪರ್ವಯೋನಿಗಳು

ನಮ್ಮ ಅಂಗಳದ ಬಹುಪಾಲು ಹೂಗಳು ಈ ವರ್ಗದವು. ದುಂಡುಮಲ್ಲಿಗೆ, ಜಾಜಿ, ಕಾಕಡ, ದಾಸವಾಳ, ನಂದಿಬಟ್ಟಲು, ಕಣಗಿಲೆ, ಕಾಗದದ ಹೂ, ಪನ್ನೀರು ಗುಲಾಬಿ—ಇವೆಲ್ಲವೂ ಮೇಲೆ ಹೇಳಿದ ಕ್ರಮದಿಂದ ಆರರಿಂದ ಎಂಟು ವಾರಗಳಲ್ಲಿ ಗಿಡವಾಗುವುವು. ಮಲ್ಲಿಗೆಗೆ ಇನ್ನೂ ಭದ್ರವಾದ ಉಪಾಯವುಂಟು. ಬುಡದ ಬಳಿಯ ಉದ್ದನೆಯ ಕೊಂಬೆಯೊಂದನ್ನು ಬಗ್ಗಿಸಿ, ಒಂದು ಗೆಣ್ಣಿನ ಕೆಳಗೆ ತೊಗಟೆಯನ್ನು ಸ್ವಲ್ಪ ಸೀಳಿ, ಆ ಭಾಗವನ್ನು ಮಣ್ಣು ತುಂಬಿದ ಕುಂಡದಲ್ಲಿ ಹುದುಗಿಸಿ, ಮೇಲೆ ಕಲ್ಲನ್ನಿಡಬೇಕು. ತಾಯಿಯಿಂದ ಆಹಾರ ಬರುತ್ತಿರುವಾಗಲೇ ಅದು ಬೇರುಬಿಡುವುದರಿಂದ ಸಾಯುವ ಭಯವಿಲ್ಲ. ಎರಡು ಮೂರು ತಿಂಗಳಾದ ಮೇಲೆ ನಂಟನ್ನು ಕತ್ತರಿಸಿ ಕುಂಡವನ್ನು ಹೊತ್ತುಕೊಂಡು ಹೋಗಬಹುದು. ಮೈಸೂರು, ಉಡುಪಿ, ಹಡಗಲಿ—ಈ ಮೂರು ಊರುಗಳ ಹೆಸರಿನ ಮಲ್ಲಿಗೆಗಳಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಹೆಸರಿಲ್ಲದ ಮನೆಯ ಮಲ್ಲಿಗೆಗೆ ರಕ್ಷಣೆ ಕೊಡತಕ್ಕವರು ಮನೆಯವರೇ.

ಕಣಗಿಲೆಯ ಕಡ್ಡಿಯು ಬರಿಯ ನೀರಿನ ಸೀಸೆಯಲ್ಲಿಯೂ ಬೇರುಬಿಡುವುದು. ಆದರೆ ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಸೀಸೆಯ ನೀರನ್ನು ಮಕ್ಕಳಿಗೂ ಸಾಕುಪ್ರಾಣಿಗಳಿಗೂ ನಿಲುಕದಂತಿಡಬೇಕು. ಕತ್ತರಿಸಿದ ಮೇಲೆ ಕೈ ತೊಳೆಯಬೇಕು. ನಂದಿಬಟ್ಟಲಿನ ಹಾಲು ನಿಲ್ಲುವವರೆಗೆ ಒಂದು ಗಂಟೆ ನೆರಳಿನಲ್ಲಿಟ್ಟು ಆಮೇಲೆ ನೆಡಬೇಕು. ದಾಸವಾಳದ ಕಡ್ಡಿಯಲ್ಲಿ ಬಿಳಿಯ ಹಿಟ್ಟುತಿಗಣೆಯು ಅಡಗಿರುವುದುಂಟು. ಸಾಬೂನಿನ ನೀರಿನಲ್ಲಿ ತೊಳೆದು, ಹೊಸ ಗಿಡವನ್ನು ಒಂದು ತಿಂಗಳು ಉಳಿದವುಗಳಿಂದ ದೂರವಿಡಬೇಕು.

ಗುಲಾಬಿಯಲ್ಲಿ ಒಂದು ಭೇದವನ್ನರಿತಿರಬೇಕು. ಪನ್ನೀರು ಗುಲಾಬಿಯು ತನ್ನ ಬೇರಿನ ಮೇಲೆಯೇ ನಿಲ್ಲುವುದು. ನರ್ಸರಿಯಿಂದ ತಂದ ದೊಡ್ಡ ಹೂವಿನ ಗುಲಾಬಿಗಳನ್ನು ಸಾಮಾನ್ಯವಾಗಿ ಕಾಡುಗುಲಾಬಿಯ ಬುಡದ ಮೇಲೆ ಕಣ್ಣುಕಸಿ ಮಾಡಿರುವರು. ಕಸಿಯ ಗಂಟಿನ ಕೆಳಗಿನಿಂದ ಏಳುವ ಚಿಗುರು ಕಾಡುಗುಲಾಬಿಯದು. ಆ ಚಿಗುರಿನ ಕಡ್ಡಿಯನ್ನು ಪ್ರೀತಿಯಿಂದ ನೆಟ್ಟು ಸಾಕಿದವರು ನಾಲ್ಕು ವರ್ಷದ ಮೇಲೆ ಬೇರೆಯೇ ಹೂವನ್ನು ಕಾಣುವರು.

ಸ್ಕಂಧಜಗಳು

ದೇವಗಣಗಿಲೆಯು ಎಳೆಯ ಕಡ್ಡಿಗಿಂತ ತೋಳಿನಂತಹ ಬಲಿತ ಕೊಂಬೆಯಿಂದ ಚೆನ್ನಾಗಿ ಬರುವುದು. ಇದರ ಕಾಲವೂ ಬೇರೆ, ಎಂದರೆ ಎಲೆಯುದುರಿ ನಿಂತಿರುವ ಬೇಸಗೆ. ಕೊಯ್ದ ಬಾಯಿಯನ್ನು ಒಂದು ವಾರ ನೆರಳಿನಲ್ಲಿ ಒಣಗಿಸಿ ನೆಟ್ಟು, ನೀರನ್ನು ಅತಿ ಕಡಮೆಯಾಗಿ ಕೊಡಬೇಕು. ಮಲ್ಲಿಗೆಗೆ ತೇವವೇ ಪ್ರಾಣ, ಇದಕ್ಕೆ ತೇವವೇ ಮೃತ್ಯು.

ಹಳೆಯ ದಾಸವಾಳದಂತಹ ದೊಡ್ಡ ಗಿಡದಿಂದ ಬೇಗನೆ ಹೂಬಿಡುವ ಮರಿ ಬೇಕೆನ್ನುವವರು ಗೂಟಿ ಕಟ್ಟಬಹುದು. ಬಲಿತ ಕೊಂಬೆಯ ಮೇಲೆ ಒಂದಂಗುಲದ ಅಗಲಕ್ಕೆ ಬಳೆಯಂತೆ ತೊಗಟೆಯನ್ನು ತೆಗೆದು, ಆ ಗಾಯದ ಸುತ್ತ ಒದ್ದೆಮಾಡಿ ಹಿಂಡಿದ ಪಾಚಿಯನ್ನೋ ನಾರಿನ ಪುಡಿಯನ್ನೋ ಹಿಡಿಯಷ್ಟು ಇಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಬೇಕು. ನೀರು ಒಳಗಿನ ಕಟ್ಟಿಗೆಯ ಮೂಲಕ ಮೇಲೇರುತ್ತಲೇ ಇರುವುದು. ಎಲೆಗಳಲ್ಲಿ ತಯಾರಾದ ಆಹಾರವು ತೊಗಟೆಯ ಮೂಲಕ ಇಳಿಯುವಾಗ ಮಾತ್ರ ಆ ಬಳೆಯಲ್ಲಿ ತಡೆದು ನಿಂತು, ಅಲ್ಲಿಯೇ ಬೇರುಗಳಾಗುವುದು. ಎರಡು ತಿಂಗಳಲ್ಲಿ ಹಾಳೆಯ ಒಳಗಡೆ ಬೇರುಗಳ ಜಾಲವು ಕಾಣಿಸಿದಾಗ ಅದರ ಕೆಳಗೆ ಕತ್ತರಿಸಿ ಕುಂಡದಲ್ಲಿಡಬೇಕು.

ಮೂಲಜಗಳು

ಸುಗಂಧರಾಜದ ಒಂದು ಗೆಡ್ಡೆಯು ತನ್ನ ಜೀವಮಾನದಲ್ಲಿ ಒಮ್ಮೆ ಮಾತ್ರ ಹೂಬಿಟ್ಟು, ಸುತ್ತಲೂ ಮರಿಗೆಡ್ಡೆಗಳನ್ನು ಬಿಟ್ಟು ಮುಗಿದುಹೋಗುವುದು. ಎಷ್ಟೋ ಮನೆಗಳಲ್ಲಿ ಹೂವು ವರ್ಷ ವರ್ಷಕ್ಕೆ ಕಡಮೆಯಾಗುವುದಕ್ಕೆ ಮರಿಗಳು ಒಂದರ ಮೇಲೊಂದು ಇಕ್ಕಟ್ಟಾಗಿರುವುದೇ ಕಾರಣ. ಗುಂಪನ್ನು ಅಗೆದು, ಗೋಲಿಗಿಂತ ದಪ್ಪನೆಯವನ್ನು ಬೇರ್ಪಡಿಸಿ, ಕೆಲವು ವಾರ ನೆರಳಿನಲ್ಲಿ ಒಣಗಿಸಿ ನೆಡಬೇಕು. ಕ್ಯಾನ ಎಂದು ನರ್ಸರಿಯವರು ಕರೆಯುವ ಕಾಬಾಳೆಯನ್ನು ಗೆಡ್ಡೆಯ ತುಂಡುಗಳಿಂದಲೂ, ಮಧುಮಾಲತಿಯ ಬಳ್ಳಿಯನ್ನು ಬೇರಿನಿಂದೇಳುವ ಮರಿಗಳಿಂದಲೂ ಹೀಗೆಯೇ ಬೇರ್ಪಡಿಸಬಹುದು.

ಸೇವಂತಿಗೆಯು ಹೂಬಿಟ್ಟು ಮುಗಿದ ಮೇಲೆ ಅದನ್ನು ನೆಲಮಟ್ಟಕ್ಕೆ ಕತ್ತರಿಸಿದರೆ ಬುಡದಿಂದ ಕಂದುಗಳು ಏಳುವುವು. ಅವನ್ನು ಬೇರುಸಹಿತ ಬಿಡಿಸಿ, ಬೇಸಗೆಯಲ್ಲಿ ಅರೆನೆರಳಿನಲ್ಲಿ ಕಾಪಾಡಿ, ಮಳೆಗಾಲದಲ್ಲಿ ನೆಡುವುದು ಕ್ರಮ. ಈಗ ಮನೆ ಬಿಡತಕ್ಕವರು ತುದಿಗಳನ್ನು ಚಿವುಟಿ ಮರಳಿನಲ್ಲಿ ನೆಟ್ಟರೂ ಸಾಕು. ಈ ಗಿಡವು ರಾತ್ರಿಯು ದೀರ್ಘವಾದುದನ್ನು ತಿಳಿದೇ ಮೊಗ್ಗೊಡೆಯುವುದು. ಬೀದಿದೀಪದ ಅಥವಾ ಗೇಟಿನ ದೀಪದ ಬೆಳಕು ರಾತ್ರಿಯಿಡೀ ಬೀಳುವೆಡೆಯಲ್ಲಿಟ್ಟರೆ ಎಲೆಗಳು ಮಾತ್ರ ಸಮೃದ್ಧವಾಗಿ, ಹೂ ಬಾರದೆ ಹೋಗಬಹುದು. ಹೊಸ ಮಹಡಿಮನೆಯ ಮೊಗಸಾಲೆಯಲ್ಲಿ ಸೇವಂತಿಗೆ ಹೂಬಿಡದಿದ್ದರೆ ಗೊಬ್ಬರ ಹಾಕುವುದಕ್ಕೆ ಮೊದಲು ದೀಪವನ್ನು ನೋಡಿರಿ.

ಬೀಜರುಹಗಳು

ಪಾರಿಜಾತಕ್ಕೆ ಬೀಜವೂ ಆದೀತು, ಕಡ್ಡಿಯೂ ಆದೀತು. ಸಂಪಿಗೆಯ ವಿಷಯ ಹಾಗಲ್ಲ. ಅದರ ಕಡ್ಡಿಯು ಬೇರುಬಿಡುವುದು ಅಪರೂಪ. ದೊಡ್ಡ ಮರವನ್ನು ಕಿತ್ತು ಒಯ್ಯುವುದು ಗೃಹಸ್ಥರ ಕೈಯಲ್ಲಾಗುವ ಕೆಲಸವಲ್ಲ. ಕಾಯಿಗೊಂಚಲು ಬಿರಿದು ಕೆಂಪು ತಿರುಳಿನ ಬೀಜಗಳು ಕಾಣಿಸಿದೊಡನೆ, ಹಕ್ಕಿಗಳಿಗಿಂತ ಮೊದಲು ಆರಿಸಿ, ತಿರುಳನ್ನು ಮರಳಿನಲ್ಲಿ ಉಜ್ಜಿ ತೊಳೆದು, ಆ ವಾರದಲ್ಲಿಯೇ ಬಿತ್ತಬೇಕು. ಡಬ್ಬದಲ್ಲಿ ತುಂಬಿಟ್ಟ ಬೀಜವು ಕೆಲವೇ ವಾರಗಳಲ್ಲಿ ಸತ್ತುಹೋಗುವುದು. ಬೀಜದ ಗಿಡ ಹೂಬಿಡಲು ಎಂಟು ಹತ್ತು ವರ್ಷ ಬೇಕಾಗಬಹುದು. ಅದರ ಹೂವು ತಾಯಿಯದರಂತೆಯೇ ಇರುವುದೆಂಬ ಭರವಸೆಯೂ ಇಲ್ಲ. ಆದುದರಿಂದ ಪತ್ರ ಬರೆದ ಮಹನೀಯರಿಗೆ ನಾವು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ: ಪಟ್ಟಿಯಲ್ಲಿ ಉಳಿದುದೆಲ್ಲವೂ ನಿಮ್ಮ ಜೊತೆಗೆ ಬರಬಲ್ಲದು, ಸಂಪಿಗೆಯು ಬಾರದು. ನಕ್ಷೆಯನ್ನು ಬರೆಯುವವರು ಬಾಗಿಲನ್ನು ನಾಲ್ಕಡಿ ಸರಿಸಿದರೆ ಮರವು ಅಲ್ಲಿಯೇ ಉಳಿಯುವಂತಿದ್ದರೆ, ಅದನ್ನು ಕೇಳುವ ಕಾಲವು ಅಡಿಪಾಯ ತೋಡುವುದಕ್ಕೆ ಮುಂಚೆ.

ಹೊಸ ಎಡೆಯಲ್ಲಿ ನೆಡುವಾಗ ಎರಡು ಎಚ್ಚರಿಕೆಗಳು. ಮೊದಲನೆಯದು ಅಂತರ. ಮರಗಳ ನಡುವೆ 20 ಮೊಳ ಉತ್ತಮ, 16 ಮಧ್ಯಮ, 12ಕ್ಕಿಂತ ಕಡಮೆ ಸಲ್ಲದು, ಬೇರುಗಳು ಹೆಣೆದುಕೊಂಡರೆ ಫಲವಿಲ್ಲವೆಂದು ವರಾಹಮಿಹಿರನು ಹೇಳಿರುವನು. ಅಷ್ಟು ಜಾಗವು ಇಂದು ಯಾರಿಗೂ ಇಲ್ಲ. ಆದರೆ ಒಂದು ಕುಂಡದಲ್ಲಿ ನಾಲ್ಕು ಗಿಡಗಳನ್ನು ತುರುಕುವುದನ್ನಾದರೂ ಬಿಡಬಹುದು. ಎರಡನೆಯದು ಮಣ್ಣು. ಹೊಸದಾಗಿ ಕಟ್ಟಿದ ಗೋಡೆಯ ಬುಡದಲ್ಲಿ ಸಿಮೆಂಟು, ಸುಣ್ಣಗಳ ಚೂರು ತುಂಬಿರುವುದರಿಂದಲೂ, ಕೊಳವೆ ಬಾವಿಯ ನೀರು ಗಡುಸಾಗಿರುವುದರಿಂದಲೂ, ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗವು ಹಳದಿಯಾಗುವುದು. ಇದು ಗೊಬ್ಬರದ ಕೊರತೆಯಲ್ಲ. ಮಣ್ಣಿನಲ್ಲಿರುವ ಕಬ್ಬಿಣವನ್ನು ಗಿಡವು ಹೀರಲಾರದ ಸ್ಥಿತಿ. ಕಟ್ಟಡದ ಮಣ್ಣನ್ನು ಒಂದೂವರೆ ಅಡಿಯವರೆಗೆ ತೆಗೆಸಿ ಒಳ್ಳೆಯ ಕೆಮ್ಮಣ್ಣನ್ನು ತುಂಬಿ, ಮಳೆಯ ನೀರನ್ನು ಹಿಡಿದಿಟ್ಟು ಹಾಕುವುದೇ ಪರಿಹಾರ.

ಹೊಸ ತಳಿಗಳನ್ನು ಬಯಸುವವರಿಗೆ ನಮ್ಮ ಉತ್ತರ ಬೆಂಗಳೂರು ಅನುಕೂಲವಾದ ಸ್ಥಳ. ಹೆಬ್ಬಾಳದ ಆಚೆಗೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ, ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯೂ ಇರುವುವು. ಅರ್ಕಾ ಪ್ರಜ್ವಲ್, ಅರ್ಕಾ ವೈಭವ್ ಎಂಬ ಸುಗಂಧರಾಜಗಳೂ, ಅರ್ಕಾ ಅಂಬರವೆಂಬ ಕನಕಾಂಬರವೂ ಹೆಸರಘಟ್ಟದಲ್ಲಿ ಹುಟ್ಟಿದುವು. ಅವು ಉತ್ತಮವಾದುವೆಂಬುದರಲ್ಲಿ ಸಂದೇಹವಿಲ್ಲ. ಅವುಗಳಿಗೆ ಹೆಸರೂ ಉಂಟು, ಕಾಪಾಡುವವರೂ ಉಂಟು. ಒಬ್ಬರ ಅತ್ತೆಯವರು ತವರಿನಿಂದ ತಂದು ನೆಟ್ಟ ಗುಲಾಬಿಯು ಯಾವ ಸಂಸ್ಥೆಯ ಪಟ್ಟಿಯಲ್ಲಿಯೂ ಇರಲಾರದು. ಮನೆ ಕೆಡವುವ ಯಂತ್ರವು ಒಂದು ಬೆಳಗ್ಗೆ ಬಂದುಹೋದರೆ ಮತ್ತೆ ಹಣ ಕೊಟ್ಟರೂ ಅದು ಸಿಕ್ಕದು.

ಆದಕಾರಣ ನಮ್ಮ ಕಡೆಯ ಸಲಹೆ: ಒಂದು ಗಿಡಕ್ಕೆ ಐದು ಕಡ್ಡಿಗಳನ್ನು ನೆಡಿರಿ. ಬೇರೂರಿದವುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು, ಉಳಿದವನ್ನು ಬೇರೆ ಬೇರೆ ಬೀದಿಗಳಲ್ಲಿರುವ ಕನಿಷ್ಠ ಎರಡು ಮನೆಗಳಿಗೆ ಕೊಡಿರಿ. ಕೊಡುವಾಗ ಒಂದು ಚೀಟಿಯಲ್ಲಿ ಗಿಡದ ಹೆಸರು, ಯಾರ ಮನೆಯದು, ಯಾವ ವರ್ಷ ಎಂಬ ಮೂರು ಮಾತುಗಳನ್ನು ಬರೆದು ಕುಂಡಕ್ಕೆ ಕಟ್ಟಿರಿ. ನಿಮ್ಮಲ್ಲಿ ಬೇಸಗೆಯಲ್ಲಿ ನೀರಿಲ್ಲದೆ ಗಿಡವು ಒಣಗಿದರೆ, ಕೊಟ್ಟ ಮನೆಯಿಂದ ಒಂದು ಕಡ್ಡಿಯನ್ನು ಹಿಂದಕ್ಕೆ ಕೇಳಬಹುದು. ಬಚ್ಚಿಟ್ಟುಕೊಂಡವರಿಗೆ ಕೇಳಲು ಮನೆಯಿರುವುದಿಲ್ಲ.

ಸೇವಂತಿಗೆಯ ತುದಿ ಚಿವುಟುವ ಕ್ರಮವನ್ನೂ, ಮಲ್ಲಿಗೆಯನ್ನು ನವೆಂಬರ್ ಕೊನೆಯಲ್ಲಿ ಸವರುವ ವಿಧಾನವನ್ನೂ ಮುಂದಿನ ಸಂಚಿಕೆಗಳಲ್ಲಿ ವಿವರಿಸುವೆವು. ಆರಿದ್ರಾ ಮಳೆಯು ಕಾಯುವುದಿಲ್ಲವಾದುದರಿಂದ ವಾಚಕರು ಕಡ್ಡಿಯ ಕೆಲಸವನ್ನು ಈ ವಾರವೇ ಆರಂಭಿಸುವುದು ಒಳ್ಳೆಯದು.